ಕೆಂಪು ಪೆನ್ನು, ನೀಲಿ ಪೆನ್ನು: ಹಿಂದಿ ಸೀರಿಯಲ್ಲಿನಲ್ಲಿ ನಾನು ಉಳಿದುಕೊಂಡ ಬಗೆ

ಹಿಂದಿ ಡೈಲಾಗನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ನಾಲಿಗೆ ಕನ್ನಡದಲ್ಲೇ ಉಳಿಯುತ್ತದೆ ಎಂದು ನನಗೆ ಹೇಳದವರಿಲ್ಲ. ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಜೊತೆಗೆ ನಾಟಕ ಮಾಡಿದ ಹಿರಿಯರು ಹೇಳಿದರು. ಆರಾಮ್ ನಗರದ ಆಡಿಷನ್ ಸಾಲಿನಲ್ಲಿ ಸಿಕ್ಕವರು ಹೇಳಿದರು. ಒಬ್ಬ ಡೈರೆಕ್ಟರ್ ಅಂತೂ ಸೆಟ್ಟಿನಲ್ಲಿ ಎಲ್ಲರ ಎದುರು ನನ್ನ ನೋಟ್‌ಬುಕ್ ಎತ್ತಿ ಹಿಡಿದು ನಕ್ಕರು. ಇವತ್ತಿಗೆ ಅಂಥ ನೋಟ್‌ಬುಕ್ಕುಗಳು ಮನೆಯಲ್ಲಿ 40ರ ಮೇಲಿವೆ. ಕಳೆದ ಆರೇಳು ವರ್ಷದಲ್ಲಿ ಉಚ್ಚಾರದ ದೆಸೆಯಿಂದ ನನ್ನದೊಂದು ರೀಟೇಕ್ ಆಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಸೋತದ್ದು. 2009ರ ಸುಮಾರಿಗೆ ಮುಂಬಯಿಯ ಫೋರ್ಟ್ ಪ್ರದೇಶದಲ್ಲಿದ್ದ ಲೆಕ್ಕ ಬರೆಯುವ ಕೆಲಸ ಬಿಟ್ಟು ಪೂರ್ತಿ ನಟನೆಗೇ ಇಳಿದೆ. ದಿನಕ್ಕೆ 1,500 ರೂಪಾಯಿ. ಕೆಲಸ ಕೊಡಿಸುವ ಕೋ-ಆರ್ಡಿನೇಟರಿಗೆ ಕಾಲು ಭಾಗ, ಮೊದಲೇ ಹಿಡಿಯುವ ತೆರಿಗೆ (ಟಿಡಿಎಸ್) ಹತ್ತು ಪರ್ಸೆಂಟ್, ಉಳಿದದ್ದು 90 ದಿನದ ಮೇಲೆ. ಕೈಗೆ ಬರುವಾಗ ಸಾವಿರಕ್ಕೂ ಕಡಿಮೆ. ಎರಡು ವರ್ಷ ಹೆಂಡತಿಯ ಟ್ಯೂಷನ್ ದುಡ್ಡಿನಲ್ಲೇ ಮನೆ ನಡೆಯಿತು.

ಆಗ ಫಿಲ್ಮ್‌ಸಿಟಿಯಲ್ಲಿ ಒಂದು ಜಡ್ಜ್ ಪಾತ್ರ ಬಂತು. ಕರಿಕೋಟು ನನ್ನದೇ ತರಬೇಕೆಂದರು. 1,800 ಕೊಟ್ಟು ಹೊಲಿಸಿದೆ. ಇದ್ದದ್ದು ಒಂದೇ ಸಾಲು: ‘ಯೇ ಅದಾಲತ್ ಅಪನಾ ಫ಼ೈಸಲಾ ಸುನಾತೀ ಹೈ.’ ಈ ನ್ಯಾಯಾಲಯ ತನ್ನ ತೀರ್ಪು ಹೇಳುತ್ತದೆ ಎಂದರ್ಥ. ನಾನು ‘ಸುನಾತಾ ಹೈ’ ಅಂದೆ. ಕುರ್ಚಿಯಲ್ಲಿ ಕೂತವನು ಗಂಡಸು, ಅದಾಲತ್ ಮಾತ್ರ ಹಿಂದಿಯಲ್ಲಿ ಹೆಣ್ಣು, ಕ್ರಿಯಾಪದವೂ ಅದರ ಹಿಂದೆ ಹೆಣ್ಣಾಗಬೇಕು ಎನ್ನುವುದು ಕನ್ನಡದ ತಲೆಗೆ ಎಲ್ಲಿಂದ ಹೊಳೆಯಬೇಕು ಮಾರಾಯ್ರೇ? ಪ್ರಾಂಪ್ಟ್ ಮಾಡುತ್ತಿದ್ದ ಹುಡುಗ ‘ತೀ, ತೀ’ ಎಂದು ಪಿಸುಗುಟ್ಟಿದ. ಗಾಬರಿಯಲ್ಲಿ ‘ಅಪನೀ ಫ಼ೈಸಲಾ’ ಅಂದುಬಿಟ್ಟೆ, ಆದರೆ ಫೈಸಲಾ ಗಂಡು. ಹನ್ನೊಂದು ಟೇಕ್ ಆಯಿತು. ಹನ್ನೆರಡನೆಯದು ಸರಿ ಬಂದಾಗ ಕ್ಯಾಮೆರಾದವರು ಚಪ್ಪಾಳೆ ತಟ್ಟಿದರು, ಅದು ಮೆಚ್ಚುಗೆಯ ಚಪ್ಪಾಳೆ ಅಲ್ಲ. ಮೂರನೆಯ ದಿನದ ಕಾಲ್‌ಟೈಮ್ ಬರಲೇ ಇಲ್ಲ, ಬೇರೆಯವರನ್ನು ಕೂರಿಸಿದ್ದರು. ಮಾಡಿದ ಎರಡು ದಿನದ ದುಡ್ಡೂ ಬರಲಿಲ್ಲ. ಕೋಟು ಮಾತ್ರ ಉಳಿಯಿತು. ಆಮೇಲೆ ವಕೀಲ, ಜಡ್ಜ್ ಅಂತ ಆ ಕೋಟು ದುಡಿದುಕೊಟ್ಟದ್ದು ಲಕ್ಷ ದಾಟಿದೆ.

ಮೊದಲು ಮಾಡಿದ ಉಪಾಯ ರೆಕಾರ್ಡಿಂಗ್. ಹಿಂದಿ ಬಲ್ಲ ಗೆಳೆಯನಿಂದ ಡೈಲಾಗ್ ಓದಿಸಿ, ನಾಯ್‌ಗಾಂವ್‌ನಿಂದ ಗೋರೆಗಾಂವ್‌ವರೆಗೆ ಲೋಕಲ್ಲಿನಲ್ಲಿ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆ. ಬಾಯಿಪಾಠವೇನೋ ಆಗುತ್ತಿತ್ತು, ಆದರೆ ಅವನ ರಾಗವೇ ನನ್ನ ಗಂಟಲಲ್ಲಿ ಕೂತುಬಿಡುತ್ತಿತ್ತು. ಎದುರಿನವರು ಕ್ಯೂ, ಅಂದರೆ ನನ್ನ ಮಾತಿಗೆ ಮುಂಚಿನ ಸಾಲು, ಸ್ವಲ್ಪ ಬದಲಿಸಿದರೆ ನಾನು ನಿಂತೇಬಿಡುತ್ತಿದ್ದೆ. ಮೊಬೈಲಿನಲ್ಲಿ ಟೈಪ್ ಮಾಡಿಯೂ ನೋಡಿದೆ, ತಲೆಯಲ್ಲಿ ಒಂದಕ್ಷರ ನಿಲ್ಲಲಿಲ್ಲ. ನನಗೆ ಕೈಯಲ್ಲೇ ಬರೆಯಬೇಕು.

ದಾರಿ ಸಿಕ್ಕಿದ್ದು ಹಳೆಯ ಕೆಲಸದಿಂದ. ಲೆಡ್ಜರಿನಲ್ಲಿ ಕೆಂಪು ಶಾಯಿ ಕಂಡ ಕೂಡಲೇ ಕಣ್ಣು ತಾನಾಗಿ ನಿಲ್ಲುತ್ತಿತ್ತು. ಹಾಗಾದರೆ ಇಲ್ಲೂ ಹಾಗೇ ಮಾಡಿದರೇನು ಅನ್ನಿಸಿತು. ಸ್ತ್ರೀಲಿಂಗದ ನಾಮಪದಕ್ಕೂ ಅದರ ಬೆನ್ನು ಹಿಡಿದು ಬರುವ ಕ್ರಿಯಾಪದದ ಬಾಲಕ್ಕೂ ಕೆಂಪು, ಪುಲ್ಲಿಂಗಕ್ಕೆ ನೀಲಿ, ಉಳಿದದ್ದೆಲ್ಲ ಪೆನ್ಸಿಲ್. ಪುಲಿಸ್ ಕೆಂಪು, ಫ಼ೌಜ್ (ಸೈನ್ಯ) ಕೆಂಪು, ಗಂಡಸಿನ ಮೂಛ್ (ಮೀಸೆ) ಕೂಡ ಕೆಂಪು. ಪಾನೀ (ನೀರು), ಘೀ (ತುಪ್ಪ), ಮೋತೀ (ಮುತ್ತು) ಸಾಮಾನ್ಯವಾಗಿ ಹೆಣ್ಣಾಗುವ ಈಕಾರದಲ್ಲಿ ಮುಗಿದರೂ ನೀಲಿ. ವ್ಯಾಕರಣದ ಪುಸ್ತಕ ಇದನ್ನೆಲ್ಲ ಹೇಳುತ್ತದೆ. ಆದರೆ ಕ್ಯಾಮೆರಾ ಮುಂದೆ ನೆನಪಿಗೆ ಬರುವುದು ಪುಸ್ತಕವಲ್ಲ, ಬಣ್ಣ.

ಇಂಗ್ಲಿಷಿನ z, f ಉಚ್ಚಾರಕ್ಕೆ ಜ, ಫಗಳ ಕೆಳಗೆ ಚುಕ್ಕಿ ಇಡುವುದು ನಿಮಗೂ ಗೊತ್ತು. ಸಿಕ್ಕಿದ ಕಡೆಯೆಲ್ಲ ಇಡಬೇಡಿ. ‘ಮಜ಼ಬೂತ್’ಗೆ ಚುಕ್ಕಿ ಬೇಕು, ‘ಮಜಬೂರ್’ಗೆ ಬೇಡ. ನಮ್ಮವರು ಚುಕ್ಕಿ ಬಿಟ್ಟು ಸಿಕ್ಕಿಬೀಳುವುದಕ್ಕಿಂತ ಹೆಚ್ಚಾಗಿ ಬೇಡದ ಕಡೆ ಹಾಕಿ ಸಿಕ್ಕಿಬೀಳುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು, ಕೊನೆಯ ಉಕಾರ. ಕಾರು, ಬಸ್ಸು ಅಂದು ರೂಢಿಯಾದ ಬಾಯಿಗೆ ಹಿಂದಿಯ ‘ಬಾತ್’ (ಮಾತು) ಅಲ್ಲಿಗೇ ನಿಲ್ಲುವುದಿಲ್ಲ, ‘ಬಾತು’ ಆಗುತ್ತದೆ. ಅಂಥ ಪದದ ಕೊನೆಗೆ ಒಂದು ನೆಟ್ಟಗಿನ ಗೆರೆ ಎಳೆಯುತ್ತೇನೆ. ಅದಕ್ಕೆ ನಾನಿಟ್ಟ ಹೆಸರು ಗೂಟ. ಗೂಟ ಕಂಡರೆ ಬಾಯಿ ಮುಚ್ಚಲೇಬೇಕು.

ಉಸಿರಿನ ಗುರುತು ಬೇರೆಯೇ ಇದೆ. ಊರಿನಲ್ಲಿ ಯಕ್ಷಗಾನ ಕಲಿತಾಗ ಕೈಗೆ ಹತ್ತಿದ ತಾಳದಿಂದ ತಂದದ್ದು. ಎಲ್ಲಿ ಹಾಕುತ್ತೇನೆ, ಎಷ್ಟು ಹಾಕುತ್ತೇನೆ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದು ನನ್ನ ಅನ್ನ.

ನಡುವೆ ಮರಾಠಿಗೂ ಇದನ್ನೇ ಹಚ್ಚಿ ನೋಡಿದೆ. ಅಲ್ಲಿ ನಪುಂಸಕಲಿಂಗವೂ ಇರುವುದರಿಂದ ಹಸಿರು ಪೆನ್ನು ಕೊಂಡೆ. ತಮಾಷೆಯೆಂದರೆ ಹಿಂದಿಯ ಚಾಯ್ ಕೆಂಪು, ಮರಾಠಿಯ ಚಹಾ ನೀಲಿ. ‘ಚಹಾ ಚಾಂಗಲಾ ಆಹೆ’ (ಚಹಾ ಚೆನ್ನಾಗಿದೆ) ಎನ್ನುವ ಪುಟ್ಟ ವಾಕ್ಯದಲ್ಲಿ ಮೊದಲ ಚ ನಮ್ಮ ಚಕಾರ, ಎರಡನೆಯದು ಹಲ್ಲಿಗೆ ತಾಗಿ ‘ತ್ಸ’ ಎಂದು ಬರಬೇಕು. ಎರಡನೆಯದಕ್ಕೆ ಮೇಲೊಂದು ಕೊಂಡಿ ಬರೆದೆ. ಆದರೆ ‘ಶಾಳಾ’ (ಶಾಲೆ), ‘ಡೋಳೆ’ (ಕಣ್ಣು)ಗಳ ಳಕಾರ ನಮ್ಮ ಮನೆಯ ಸೊತ್ತು, ಹಿಂದಿಯಲ್ಲಿ ಅದಿಲ್ಲ. ಒಂದು ಮರಾಠಿ ಸೀರಿಯಲ್ಲಿನ ಆಡಿಷನ್ನಿಗೆ ಹಿಂದಿಯ ಇಬ್ಬರು ಒಳ್ಳೆಯ ನಟರೂ ಬಂದಿದ್ದರು, ‘ಶಾಲಾ’ ದಾಟಿ ಮುಂದೆ ಹೋಗಲಿಲ್ಲ. ಮೇಷ್ಟ್ರ ಪಾತ್ರ ನನಗೆ ಬಂತು. ಎಂಟು ತಿಂಗಳು ನಡೆಯಿತು, ಕಥೆ ಲೀಪ್ ತೆಗೆದುಕೊಂಡಾಗ, ಅಂದರೆ ಕೆಲವು ವರ್ಷ ಮುಂದಕ್ಕೆ ಹಾರಿದಾಗ, ಮೇಷ್ಟ್ರು ಸತ್ತರು.

2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತದ್ದು, ಮಳೆಗಾಲದಲ್ಲಿ ಮತ್ತೆ ಶುರುವಾದದ್ದು ಎಲ್ಲರಿಗೂ ನೆನಪಿದೆ. 65 ದಾಟಿದವರು ಸೆಟ್ಟಿಗೆ ಬರಕೂಡದೆಂದು ರಾಜ್ಯ ಸರಕಾರ ನಿಯಮ ಮಾಡಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಆ ನಡುವಿನ ದಿನಗಳಲ್ಲಿ ಅಜ್ಜನ ಪಾತ್ರಗಳೆಲ್ಲ ಖಾಲಿ ಬಿದ್ದವು. ನನಗೆ ಐವತ್ತು ದಾಟಿತ್ತು ಅಷ್ಟೆ, ಕೂದಲಿಗೆ ಬಿಳಿ ಬಳಿದು ಕೂರಿಸಿದರು. ಪೇಮೆಂಟಿನಲ್ಲಿ ಕಾಲು ಭಾಗ ಕಡಿದರು, ಆದರೂ ತಿಂಗಳಿಗೆ 20-22 ದಿನ ಕೆಲಸವಿತ್ತು. ಆ ಪಾತ್ರಗಳಿಂದಲೇ ಬದುಕುತ್ತಿದ್ದ ಹಿರಿಯರೊಬ್ಬರು ಫೋನು ಮಾಡಿ, ‘ಚೆನ್ನಾಗಿ ಮಾಡು’ ಅಂದರು. ಆ ಮಾತು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ನನ್ನ ಹಿಂದಿ ಗಟ್ಟಿಯಾದದ್ದೂ ಆ ಅಜ್ಜನ ಪಾತ್ರದಲ್ಲೇ: ದಿನಕ್ಕೆ ಎಂಟು ಹತ್ತು ಪುಟ, ಎಲ್ಲ ಬಣ್ಣದಲ್ಲಿ.

ಈಗ ದಿನಕ್ಕೆ ಎಂಟೋ ಒಂಬತ್ತೋ ಸಾವಿರ ಸಿಗುತ್ತದೆ. ತಿಂಗಳಿಗೆ 14-15 ದಿನ, ಕೆಲವು ತಿಂಗಳು ನಾಲ್ಕೇ ದಿನ. ನಾಯ್‌ಗಾಂವ್‌ನ ಮನೆಯ ಸಾಲ ಹೋದ ವರ್ಷ ತೀರಿತು.

ಇದನ್ನು ಮಾಡಿ ನೋಡುವವರಿಗೆ ಒಂದೆರಡು ಮಾತು. ಜೆಲ್ ಪೆನ್ನು ಬೇಡ, ಬೆವರಿಗೆ ಹರಡಿ ಕಾಸ್ಟ್ಯೂಮಿಗೆ ಹತ್ತುತ್ತದೆ, ಆಮೇಲೆ ಶಾಟಿನಿಂದ ಶಾಟಿಗೆ ಎಲ್ಲ ಒಂದೇ ಥರ ಇದೆಯೇ ಎಂದು ನೋಡುವ ಕಂಟಿನ್ಯುಟಿಯವರ ಬಾಯಿಗೆ ಬೀಳಬೇಕು. ಮಾಮೂಲಿ ಬಾಲ್‌ಪೆನ್ನು ಸಾಕು. ಸೀನ್ ವಾಟ್ಸಾಪಿನಲ್ಲಿ ಬಂದು ಹತ್ತೇ ನಿಮಿಷಕ್ಕೆ ಶಾಟ್ ರೆಡಿ ಅನ್ನುವ ದಿನ ಪೂರ್ತಿ ಬರೆಯಲು ಹೋಗಬೇಡಿ. ಮೇಕಪ್ ಕುರ್ಚಿಯಲ್ಲಿ ಕೂತು ನಾಮಪದ, ಕ್ರಿಯಾಪದ ಇಷ್ಟನ್ನೇ ಜೋಡಿ ಜೋಡಿಯಾಗಿ ಬಣ್ಣದಲ್ಲಿ ಬರೆಯಿರಿ. ನನಗೆ ಪುಟಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಮೊದಮೊದಲು ಐದಾರು ಹಿಡಿಯಬಹುದು, ಅಸಿಸ್ಟೆಂಟ್ ಬಂದು ಅವಸರ ಮಾಡಿದರೂ ಬರೆದು ಮುಗಿಸಿಯೇ ಏಳಿ.