ಮೆದುಮರದ ಆಮದು: ಭಾರತ, ಅಮೆರಿಕದ ಲೆಕ್ಕ ಪಕ್ಕಪಕ್ಕ ಇಡುವುದು ಹೇಗೆ?

ಪುಣೆಯ ಭವಾನಿ ಪೇಠೆಯಲ್ಲೋ ಮುಂಬೈಯಲ್ಲೋ ಪೈನ್‌ನಂತಹ ಮೆದುಮರದ ವ್ಯಾಪಾರ ಮಾಡುವ ನಮ್ಮವರು ಮೊದಲು ಎಚ್‌ಎಸ್ ಕೋಡ್ (ಆಮದು-ರಫ್ತು ಸರಕುಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಸರಿಯಾಗಿ ಹಿಡಿಯಬೇಕು. 6 ಮಿ.ಮೀ.ಗಿಂತ ದಪ್ಪನೆಯ ಕೊಯ್ದ ಮರ 4407, ದಿಮ್ಮಿ 4403. ಭಾರತಕ್ಕೆ ದಿಮ್ಮಿಯೂ ಬಂದು ಇಲ್ಲೇ ಕೊಯ್ಯಲ್ಪಡುವುದರಿಂದ, 4407 ಒಂದನ್ನೇ ನೋಡಿದರೆ ನಮ್ಮ ಬಳಕೆ ಕಡಿಮೆಯೆಂದು ಕಾಣುತ್ತದೆ.

ಹೆಚ್ಚಿನವರು ಎಡವುವುದು ಕೋಡ್ ಬದಲಾದ ಕಡೆ. ಮೊದಲು ಮೆದುಮರಕ್ಕೆಲ್ಲ 440710 ಒಂದೇ ಇತ್ತು. 2017ರ ಪರಿಷ್ಕರಣೆಯಲ್ಲಿ ಅದು ಒಡೆದು 440711 (ಪೈನ್), 440712 (ಫರ್, ಸ್ಪ್ರೂಸ್), 440719 (ಉಳಿದವು) ಆಯಿತು. 2022ರಲ್ಲಿ 440713, 440714 ಸೇರಿದವು. ಹಳೆಯ ಕೋಡನ್ನೇ ನೆಚ್ಚಿಕೊಂಡರೆ ಗ್ರಾಫ್ ಏಕಾಏಕಿ ಸೊನ್ನೆಗೆ ಬೀಳುತ್ತದೆ. ಬಿದ್ದದ್ದು ಕೋಡ್, ವ್ಯಾಪಾರವಲ್ಲ. ಹೊಸವನ್ನೆಲ್ಲ ಕೂಡಿಸಿ ಒಂದೇ ಸಾಲು ಮಾಡಿ.

ನಮ್ಮ ವಾರ್ಷಿಕ ಅಂಕಿ ಏಪ್ರಿಲ್–ಮಾರ್ಚ್‌ನದು, ಅಮೆರಿಕದ್ದು ಜನವರಿ–ಡಿಸೆಂಬರ್. ತಿಂಗಳವಾರು ಅಂಕಿ ಇಳಿಸಿಕೊಂಡು ನೀವೇ ಕೂಡಿಸಿ, ಡಾಲರ್‌ನಲ್ಲೇ. ಭಾರತದ ಮೌಲ್ಯದಲ್ಲಿ ಸಾಗಣೆ, ವಿಮೆ ಸೇರಿವೆ (ಸಿಐಎಫ್). ಅಮೆರಿಕದ 'ಕಸ್ಟಮ್ಸ್ ಮೌಲ್ಯ'ದಲ್ಲಿ ಸೇರಿಲ್ಲ. ಅಲ್ಲಿಯೂ ಸಿಐಎಫ್ ಕಾಲಂ ಇದೆ, ಅದನ್ನೇ ಆರಿಸಿ.

ಎರಡು ದೇಶಗಳ ಆಮದಿನ ಗಾತ್ರದ ಅಂತರ ದೊಡ್ಡದು, ಹಾಗಾಗಿ ಮೊದಲ ವರ್ಷವನ್ನು 100 ಎಂದಿಟ್ಟು ಸೂಚ್ಯಂಕ ಮಾಡಿ: ಉದಾಹರಣೆಗೆ, 40 ಇದ್ದದ್ದು 60 ಆದರೆ 150, 400 ಇದ್ದದ್ದು 480 ಆದರೆ 120.

ಕೊನೆಗೆ ಮೌಲ್ಯವನ್ನು ಘನ ಮೀಟರ್‌ನಿಂದ ಭಾಗಿಸಲೇಬೇಕು; ಏರಿದ್ದು ಬೆಲೆಯೋ, ಮರದ ಪ್ರಮಾಣವೋ ಎಂದು ಆಗಲೇ ತಿಳಿಯುವುದು. 2021ರ ಮೇನಲ್ಲಿ ಅಮೆರಿಕದ ವಾಯಿದಾ ಬೆಲೆ ಸಾವಿರ ಬೋರ್ಡ್ ಫೂಟ್‌ಗೆ (ಸುಮಾರು 2.36 ಘನ ಮೀಟರ್) 1,600 ಡಾಲರ್ ದಾಟಿತ್ತು, ಆ ವರ್ಷದ ಏರಿಕೆ ಕಂಡು ಮರವೇ ಅಷ್ಟು ಹೆಚ್ಚು ಬಂತು ಅಂದುಕೊಂಡರೆ ಲೆಕ್ಕ ಕೆಟ್ಟಂತೆ.