ಬೈಕಂಪಾಡಿಯಲ್ಲಿ ಪ್ರೊಫಿಬಸ್ ಕೇಬಲ್ ಹೊಸದಾಗಿ ಎಳೆದದ್ದು: ನನ್ನ ಅನುಭವ

ಮಂಗಳೂರಿನ ಬೈಕಂಪಾಡಿಯ ಒಂದು ಪ್ಲಾಂಟ್, ಹೆಸರು ಬೇಡ. ಅಲ್ಲಿ ಪ್ರೊಫಿಬಸ್ ಡಿಪಿ, ಅಂದ್ರೆ ಪಿಎಲ್‌ಸಿ (ಮೆಷಿನ್ ನಡೆಸುವ ಕಂಪ್ಯೂಟರ್) ಮತ್ತು ಮೆಷಿನ್‌ಗಳು ಎರಡು ವೈರಿನ ಒಂದೇ ಕೇಬಲ್‌ನಲ್ಲಿ ಮಾತಾಡುವ ನೆಟ್‌ವರ್ಕ್, ಬಸ್ ಅನ್ನುದು ಇದಕ್ಕೇ. ಸ್ಪೀಡ್ 1.5 ಎಂಬಿಪಿಎಸ್, ಇಪ್ಪತ್ತು ಚಿಲ್ಲರೆ ಸ್ಟೇಷನ್ (ಬಸ್‌ಗೆ ಜೋಡಿಸಿದ ಉಪಕರಣ), ಅದ್ರಲ್ಲಿ ಎಂಟು ಡ್ರೈವ್ (ಮೋಟರಿನ ವೇಗ ಹಿಡಿತದಲ್ಲಿಡುವ ಉಪಕರಣ). ಮಳೆ ಸುರು ಆಯ್ತಂದ್ರೆ ದೊಡ್ಡ ಬ್ಲೋವರ್ ಸ್ಟಾರ್ಟ್ ಆಗುವಾಗೆಲ್ಲ ಬಸ್ ಫಾಲ್ಟ್, ಲೈನ್ ಬಂದ್. ಹಿಂದಿನವರು ಪಿಎಲ್‌ಸಿ ಕಾರ್ಡ್, ಡ್ರೈವ್‌ನ ಕಮ್ಯುನಿಕೇಶನ್ ಕಾರ್ಡ್ ಅಂತ ಬದಲಿಸಿ ಬದಲಿಸಿ ಹತ್ರಹತ್ರ ಒಂದೂವರೆ ಲಕ್ಷ ಹೋಗಿತ್ತು. ಕಾರ್ಡ್ ಸರಿ ಉಂಟು, ಕೇಬಲ್ ಹೋದ ದಾರಿಯೇ ಸರಿ ಇಲ್ಲ, ಅದಕ್ಕೆ ಬೇರೆ ಟ್ರೇ (ಕೇಬಲ್ ಇಟ್ಟು ಒಯ್ಯುವ ಚಾನೆಲ್) ಬೇಕು ಅಂದೆ. ಅಲ್ಲಿನ ಹಿರಿಯ ಎಲೆಕ್ಟ್ರಿಕಲ್ ಇಂಜಿನಿಯರ್ "ಎರಡು ವೈರ್ ಅಲ್ವಾ ಮಾರಾಯ್ರೆ, ಅದಕ್ಕೆಂತ ಬೇರೆ ಟ್ರೇ" ಅಂದ್ರು.

ನಂದೂ ಮೊದಲೆರಡು ಪ್ರಯತ್ನ ಫೇಲೇ. ಸ್ಪೀಡ್ 187.5 ಕೆಬಿಪಿಎಸ್‌ಗೆ ಇಳಿಸಿದೆ, ಫಾಲ್ಟ್ ಕಮ್ಮಿ ಆಯ್ತು ಆದ್ರೆ ನಿಲ್ಲಲಿಲ್ಲ. ಆಮೇಲೆ 4-20 ಎಂಎ (ಸೆನ್ಸರ್ ಸಿಗ್ನಲ್) ಕೇಬಲ್‌ಗೆ ಮಾಡುವ ಹಾಗೆ ಶೀಲ್ಡ್ (ವೈರ್ ಸುತ್ತಲಿನ ಲೋಹದ ಕವಚ) ಒಂದೇ ಕಡೆ ಅರ್ತ್ ಮಾಡಿ ನೋಡಿದೆ, ಇನ್ನೂ ಹಾಳಾಯ್ತು, ವಾಪಸ್ ಎರಡೂ ಕಡೆ ಹಾಕಿದೆ.

ಕೊನೆಗೆ ಟೇಪ್ ಹಿಡ್ಕೊಂಡು ಇಡೀ ದಾರಿ ನಡೆದೆ. ಕೇಬಲ್ ಸುಮಾರು 240 ಮೀಟರ್ ಇತ್ತು, 1.5 ಎಂಬಿಪಿಎಸ್ ಸ್ಪೀಡಿಗೆ 200 ದಾಟುವ ಹಾಗಿಲ್ಲ, ಯಾರೂ ಅಳೆದೇ ಇಲ್ಲ! ಮೋಟರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ, ಒಂದೇ ಟೈ ಹಾಕಿ ಕಟ್ಟಿದ್ದಾರೆ. ಸಮುದ್ರದ ಕಡೆಯ ಪ್ಯಾನೆಲ್ ಬಿಚ್ಚಿದ್ರೆ ಕ್ಲಾಂಪ್ ಅಡಿಯಲ್ಲಿ ಬಿಳಿ ಪುಡಿ, ಶೀಲ್ಡಿನ ಹೆಣೆದ ತಂತಿ (ಬ್ರೇಡ್) ಕಪ್ಪಾಗಿ ಬೆರಳಲ್ಲಿ ಉಜ್ಜಿದ್ರೆ ಎಳೆಎಳೆಯಾಗಿ ಕೈಗೆ ಬಂತು. ಉಪ್ಪುಗಾಳಿಯದ್ದೇ ಕೆಲಸ. ಮತ್ತೆ ಲಾಸ್ಟ್ ಡ್ರೈವ್ ಮೇಂಟೆನೆನ್ಸಿಗೆ ಆಫ್ ಮಾಡಿದ್ರೆ ಅಲ್ಲಿನ ಟರ್ಮಿನೇಟರ್‌ಗೆ (ಸಿಗ್ನಲ್ ವಾಪಸ್ ಚಿಮ್ಮದ ಹಾಗೆ ಕೇಬಲ್ ತುದಿಗೆ ಹಾಕುವ ರೆಸಿಸ್ಟರ್) 5 ವೋಲ್ಟ್ ಇಲ್ಲ, ಇದ್ದ ಬಸ್ಸೂ ಮಲಗ್ತದೆ.

ಮೆಷಿನ್‌ಗಳ ಸಾಲು ಹೇಗುಂಟೋ ಹಾಗೇ ಸ್ಟೇಷನ್ ಜೋಡಿಸಿದೆ, ಕೇಬಲ್ 170 ಮೀಟರಿಗೆ ಇಳೀತು. ಮುಚ್ಚಳ ಇರುವ ಬೇರೆ ಟ್ರೇ, ಪವರ್‌ನಿಂದ 20 ಸೆಂಟಿಮೀಟರ್‌ಗಿಂತ ಜಾಸ್ತಿ ದೂರ, ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ. ಪ್ಯಾನೆಲ್‌ಗಳ ನಡುವೆ 16 ಸ್ಕ್ವೇರ್ ಎಂಎಂ ತಾಮ್ರದ ಬಾಂಡಿಂಗ್ (ಅರ್ತ್ ಸಮ ಮಾಡುವ ತಂತಿ), ಕೊನೆಯಲ್ಲಿ ಪ್ರತ್ಯೇಕ ಸಪ್ಲೈಯ ಆಕ್ಟಿವ್ ಟರ್ಮಿನೇಟರ್. ಕನೆಕ್ಟರ್ ಎಲ್ಲ ಸ್ಟೇಷನ್‌ಗಳಿಂದ ಬಿಚ್ಚಿಟ್ಟು, ಅಳೆಯಲಿಕ್ಕೆ ಮಾತ್ರ ಎರಡೂ ತುದಿಗೆ ಟರ್ಮಿನೇಶನ್ ಸ್ವಿಚ್ ಇರುವ ಮಾಮೂಲಿ ಕನೆಕ್ಟರ್ ಹಾಕಿ ಆನ್ ಮಾಡಿ ಅಳೆದೆ, ಎ, ಬಿ ಎಂಬ ಎರಡು ವೈರ್ ನಡುವೆ 110ರ ಆಸುಪಾಸು ಓಮ್ ಬಂತು, ಎರಡು ತುದಿಯ ಟರ್ಮಿನೇಶನ್ ಸೇರಿ ಬರಬೇಕಾದ್ದೇ ಅದು, ಅಲ್ಲೇ ಧೈರ್ಯ ಬಂತು. ಮಳೆಗೆ ಮುಂಚೆ ಕ್ಲಾಂಪ್‌ಗೆ ನಾನು ಹಚ್ಚುವ ಒಂದು ವಸ್ತು ಉಂಟು, ಅದನ್ನು ಇಲ್ಲಿ ಹೇಳುದಿಲ್ಲ.

ಈ ಕೆಲಸದ ಮಧ್ಯೆ, ಎಲ್ಲೋ ಉಳಿದಿದ್ದ ಕ್ಯಾಟ್6 (ಕಂಪ್ಯೂಟರ್ ನೆಟ್‌ವರ್ಕ್ ಕೇಬಲ್) ತುಂಡು ಹಾಕಿಯೂ ನೋಡಿದೆ, 100 ಓಮ್ ಕೇಬಲ್ ಅದು, ನಮಗೆ ಬೇಕಾದ್ದು 150 (ಇದು ಕೇಬಲ್‌ನ ಇಂಪಿಡೆನ್ಸ್, ಮೇಲೆ ಮೀಟರಲ್ಲಿ ಅಳೆದ ಓಮ್ ಅಲ್ಲ). ಟೇಬಲ್ ಮೇಲೆ ಚಂದ ಓಡಿತು, ಪಕ್ಕದಲ್ಲಿ ಡ್ರೈವ್ ಸುರು ಮಾಡಿದ ಕೂಡ್ಲೇ ಎರರ್ ಸುರಿಮಳೆ. ಹತ್ತು ಮೀಟರಿಗೂ ಬೇಡ ಅದು.

ಒಟ್ಟು ಖರ್ಚು ತೊಂಬತ್ತು ಸಾವಿರದ ಹತ್ರ, ಹೆಚ್ಚಿನದ್ದು ಕನೆಕ್ಟರ್ ಮತ್ತು ಟ್ರೇಗೆ. ಎರಡು ಭಾನುವಾರದಲ್ಲಿ ಮುಗಿಸಿದ್ದೇವೆ, ನಾನೂ ಇಬ್ಬರು ಹುಡುಗರೂ, ಇಷ್ಟು ಬೇಗ ಬೇರೆ ಯಾರೂ ಮಾಡ್ಲಿಕ್ಕಿಲ್ಲ. ಜೂನ್‌ನಿಂದ ಸಪ್ಟೆಂಬರ್ ತನಕ ಒಂದೇ ಒಂದು ಬಸ್ ಫಾಲ್ಟ್ ಇಲ್ಲ, ಸ್ಪೀಡೂ ವಾಪಸ್ 1.5ಕ್ಕೆ. ಮೊನ್ನೆ ಅದೇ ಹಿರಿಯರು ಎರಡನೇ ಶೆಡ್‌ನ ಡ್ರಾಯಿಂಗ್ ಕಳಿಸಿದ್ದಾರೆ, ಅಲ್ಲಿ 300 ಮೀಟರ್ ಬರ್ತದೆ, ರಿಪೀಟರ್ (ಸಿಗ್ನಲ್‌ಗೆ ಮತ್ತೆ ಬಲ ಕೊಡುವ ಉಪಕರಣ) ಎಲ್ಲಿಡುವುದು ಅಂತ ಈಗ ಕೂತು ನೋಡ್ತಿದ್ದೇನೆ.