ಪಿಆರ್ ಆಯ್ತು, ಕೆನಡಾ ಸಿಟಿಜನ್‌ಶಿಪ್‌ಗೆ ಮುಂದೇನು?

ಪಿಆರ್ (ಕೆನಡಾದಲ್ಲಿ ಖಾಯಂ ಆಗಿ ಇರೋಕೆ ಸಿಗೋ ಅನುಮತಿ) ಬಂದು ಮೂರು ವರ್ಷ ಆಯ್ತಲ್ಲ, ಇನ್ನೇನು ಅಪ್ಲೈ ಮಾಡೋದೇ ಅಂತ ಹೊರಡೋರೇ ಜಾಸ್ತಿ. ಸ್ವಲ್ಪ ತಡೀರಿ, ಕೆನಡಾದೋರು ಎಣಿಸೋದು ವರ್ಷ ಅಲ್ಲ, ದಿನ.

ಅದಕ್ಕೆ ಮೊದಲು ಪಾಸ್‌ಪೋರ್ಟ್ ಮುಂದಿಟ್ಕೊಂಡು ಕೂತ್ಕೊಳ್ಳಿ. ಅರ್ಜಿಗೆ ಸೈನ್ ಹಾಕೋ ದಿನದ ಹಿಂದಿನ 5 ವರ್ಷದಲ್ಲಿ 1,095 ದಿನ ನೀವು ಖುದ್ದಾಗಿ ಕೆನಡಾದಲ್ಲಿ ಇದ್ದಿರ್ಬೇಕು. ತಂಗಿ ಮದ್ವೆಗೆ ಅಂತ ಊರಿಗೆ ಹೋಗಿ ಆರು ವಾರ ಇದ್ದು ಬಂದಿದ್ರೆ ಅದೆಲ್ಲ ಮೈನಸ್, ಆದ್ರೆ ಹೊರಟ ದಿನ ಮತ್ತೆ ವಾಪಸ್ ಇಳಿದ ದಿನ ಎರಡೂ ಲೆಕ್ಕಕ್ಕೆ ಸಿಗುತ್ತೆ. ಪಿಆರ್‌ಗೆ ಮುಂಚೆ ಸ್ಟಡಿ ಪರ್ಮಿಟ್ಟೋ ವರ್ಕ್ ಪರ್ಮಿಟ್ಟೋ ಇಟ್ಕೊಂಡು ಇದ್ದೋರಿಗೆ ಆ ಒಂದೊಂದು ದಿನಕ್ಕೆ ಅರ್ಧ ದಿನ, ಒಟ್ಟು 365 ದಿನದವರೆಗೆ. ಸರ್ಕಾರದ್ದೇ ಆನ್‌ಲೈನ್ ಕ್ಯಾಲ್ಕುಲೇಟರ್ ಇದೆ, ಅದ್ರಲ್ಲಿ ಹಾಕಿ ನೋಡಿ. 1,095 ತುಂಬಿದ ದಿನವೇ ಕಳಿಸೋ ಆತುರ ಬೇಡ, ಒಂದು ಟ್ರಿಪ್ ಮರೆತಿದ್ರೂ ಅರ್ಜಿ ಬಿದ್ದೋಗುತ್ತೆ, ಹತ್ತಿಪ್ಪತ್ತು ದಿನ ಕೈಯಲ್ಲಿ ಇಟ್ಕೊಂಡೇ ಕಳಿಸಿ.

ಆ 5 ವರ್ಷದಲ್ಲಿ ಕನಿಷ್ಠ 3 ವರ್ಷದ ಟ್ಯಾಕ್ಸ್ ಫೈಲಿಂಗೂ ಸರಿಯಾಗಿರ್ಬೇಕು. 18ರಿಂದ 54 ವಯಸ್ಸಿನೋರು ಇಂಗ್ಲಿಷೋ ಫ್ರೆಂಚೋ ಬರುತ್ತೆ ಅಂತ ಪ್ರೂಫ್ ಕೊಡ್ಬೇಕು.

ಟೆಸ್ಟ್‌ಗೆ ಹೆದರೋದೇನಿಲ್ಲ. 20 ಪ್ರಶ್ನೆ, 15 ಸರಿ ಆದ್ರೆ ಪಾಸ್, ಎಲ್ಲ ಬರೋದು 'ಡಿಸ್ಕವರ್ ಕೆನಡಾ' ಅನ್ನೋ ಫ್ರೀ ಗೈಡ್‌ನಿಂದ. 1867ರಲ್ಲಿ ಸೇರಿದ ನಾಲ್ಕು ಪ್ರಾಂತ್ಯ ಯಾವ್ದು ಅನ್ನೋ ಥರ, ನಮ್ ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ ಬಾಯಿಪಾಠ ಮಾಡಿದೋರಿಗೆ ಇದೇನು ಮಹಾ.

ಕೊನೆಗೆ ಪ್ರಮಾಣವಚನ, ರಾಜ ಮೂರನೇ ಚಾರ್ಲ್ಸ್‌ಗೆ ನಿಷ್ಠೆ. ನಮ್ಮೋರು ಎಡವೋದು ಇಲ್ಲೇ. ಭಾರತದಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಆ ಪ್ರಮಾಣ ಹೇಳಿದ್ ತಕ್ಷಣ ನೀವು ಭಾರತೀಯ ಪೌರರಲ್ಲ. ಪಾಸ್‌ಪೋರ್ಟ್‌ನಲ್ಲಿ ಇನ್ನೂ ಆರು ವರ್ಷ ಬಾಕಿ ಇದೆ ಅಂತ ಅದರಲ್ಲೇ ಬೆಂಗಳೂರಿಗೆ ಹಾರೋಕೆ ಹೋಗ್ಬೇಡಿ, ಅದು ಅಪರಾಧ, ದಂಡ ಬೀಳುತ್ತೆ. ಈ ಕಡೆ ಪಿಆರ್ ಕಾರ್ಡೂ ಹೋಗಿರುತ್ತೆ. ಅಂದ್ರೆ ಕೆನಡಾ ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ಭಾರತದ ವೀಸಾನೋ ಓಸಿಐನೋ (ಬೇರೆ ದೇಶದ ಪೌರರಾದ ಭಾರತ ಮೂಲದೋರಿಗೆ ಸಿಗೋ ಕಾರ್ಡು) ಕೈಗೆ ಬರೋವರೆಗೂ ಊರಿನ ಆಸೆ ಬಿಡ್ಬೇಕು, ಹಾಗಾಗಿ ಅಪ್ಪ ಅಮ್ಮನ ಆಪರೇಷನ್ನು ಗೃಹಪ್ರವೇಶ ಇಂಥದ್ದೇನಾದ್ರೂ ಇದ್ರೆ ಪ್ರಮಾಣಕ್ಕೆ ಮುಂಚೆನೇ ಹೋಗಿ ಬನ್ನಿ, ಹೋದ ದಿನಗಳಿಂದ 1,095 ಕಮ್ಮಿ ಆಗದಂಗೆ ಅರ್ಜಿ ಮೊದ್ಲೇ ಹಾಕಿರ್ಬೇಕು ಅಷ್ಟೇ.

ಓಸಿಐಗೆ ಮುಂಚೆ ಹಳೇ ಪಾಸ್‌ಪೋರ್ಟ್ ಕೊಟ್ಟು ಸರೆಂಡರ್ ಸರ್ಟಿಫಿಕೇಟ್ ತಗೋಬೇಕು. ಓಸಿಐ ಇದ್ರೆ ಪ್ರತಿ ಸಲ ವೀಸಾ ಬೇಡ, ಆದ್ರೆ ಓಟು ಹಾಕೋಕಾಗಲ್ಲ. ಹೊಲ ತೋಟ ಕೊಳ್ಳೋಕಾಗಲ್ಲ ಅಂತ ಕೆಲವ್ರು ಹಿಂದೇಟು ಹಾಕ್ತಾರೆ, ಅದು ಎನ್‌ಆರ್‌ಐ ಆಗಿದ್ದಾಗ್ಲೂ ಆಗ್ತಿರ್ಲಿಲ್ಲ ಸ್ವಾಮಿ! ಅಪ್ಪನ ತೋಟ ವಾರಸುದಾರರಾಗಿ ಬಂದ್ರೆ ಅದು ನಿಮ್ದೇ.